ಮೂರನೆಯ ಪಿನ್ನು

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಅವರ ಪ್ಲಗ್ಗನ್ನು. ಮಗಳ ಮದುವೆಯ ಆಲ್ಬಮ್ಮು, ಹೊಸ ಸೋಫಾ, ಮೊಮ್ಮಗನ ಪದಕ ಎಲ್ಲ ಆಮೇಲೆ. ಯಜಮಾನರು ಕೂರಿಸಿ ಒಳಗೆ ಚಾ ಮಾಡಲು ಹೇಳಿ ಬರುವಷ್ಟರಲ್ಲಿ ನಾನು ಬಗ್ಗಿ, ಟೀವಿಯದೋ ಇಸ್ತ್ರಿ ಪೆಟ್ಟಿಗೆಯದೋ ವಾಯರು ಹಿಡಿದು, ಅದರ ತುದಿಯಲ್ಲಿ ಎಷ್ಟು ಪಿನ್ನುಗಳಿವೆ ಎಂದು ನೋಡಿ ಆಗಿರುತ್ತದೆ. ಮೂರಿದ್ದರೆ ಚಾ ರುಚಿಸುತ್ತದೆ. ಎರಡೇ ಇದ್ದು, ಮೂರನೆಯದರ ಜಾಗದಲ್ಲಿ ಬರೀ ತೂತಿದ್ದರೆ ಚಾ ಆರಿ ಹೋಗುವ ತನಕ ನನ್ನ ಭಾಷಣ ನಡೆಯುತ್ತದೆ.

ಹೆಂಡತಿಗೆ ಇದರಿಂದ ಬಹಳ ಮುಜುಗರ. ಕುಮಟೆಯಲ್ಲಿ ಅವಳ ಚಿಕ್ಕಮ್ಮನ ಮನೆಗೆ ಹೆಣ್ಣು ನೋಡುವ ದಿನ ಹೋಗಿದ್ದೆವು. ಗಂಡಿನ ಕಡೆಯವರು ಜಗುಲಿ ಹತ್ತುವಾಗ ನಾನು ಫ್ರಿಜ್ಜಿನ ಹಿಂದೆ ಅರ್ಧ ಹೊಕ್ಕಿದ್ದೆ. ಅವರ ಹಿರಿಯರೊಬ್ಬರು, ಇವರು ಎಂತ ಹುಡುಕುತ್ತಿದ್ದಾರೆ ಎಂದು ಕೇಳಿದರು. ಹೆಂಡತಿ, ಅವರಿಗೆ ಸೊಂಟನೋವು, ಡಾಕ್ಟರು ಆಗಾಗ ಬಗ್ಗಲು ಹೇಳಿದ್ದಾರೆ ಎಂದಳು. ಮದುವೆ ಕುದುರಿತು. ಆದರೆ ಆ ಮನೆಯವರು ಈಗಲೂ ಸಿಕ್ಕಿದಾಗಲೆಲ್ಲ ನನ್ನ ಸೊಂಟವನ್ನು ವಿಚಾರಿಸುತ್ತಾರೆ.

ಪ್ಲಗ್ಗಿನ ಆ ಮೂರನೆಯ ಪಿನ್ನು, ಮೇಲಿರುವ ದಪ್ಪನೆಯದು, ಅರ್ತ್. ಕರೆಂಟು ದಾರಿ ತಪ್ಪಿ ಯಂತ್ರದ ಮೈಗೆ ಹರಿದರೆ ಅದನ್ನು ನೆಲಕ್ಕೆ ಇಳಿಸುವ ದಾರಿ. ನನಗೆ ಅದರ ಪರಿಚಯ ಅಕ್ಷರ ಕಲಿಯುವ ಮೊದಲೇ ಆಗಿತ್ತು. ಹೊನ್ನಾವರದ ನಮ್ಮ ಮನೆಯಲ್ಲಿ ಅಪ್ಪ ಒಂದು ದೊಡ್ಡ ರೇಡಿಯೊ ಇಟ್ಟುಕೊಂಡಿದ್ದ. ಅದರ ಬೆನ್ನಿನಿಂದ ಹೊರಟ ಒಂದು ತಂತಿ ಮಾಡಿಗೆ ಏರಿದರೆ, ಇನ್ನೊಂದು ಕಿಟಕಿಯಿಂದ ಕೆಳಗಿಳಿದು ತೆಂಗಿನ ಮರದ ಬುಡದಲ್ಲಿ ಹೂತಿಟ್ಟ ತಾಮ್ರದ ತುಂಡಿಗೆ ಹೋಗುತ್ತಿತ್ತು. ಬೇಸಗೆಯಲ್ಲಿ ನೆಲ ಒಣಗಿತೆಂದರೆ ರೇಡಿಯೊ ಗೊರಗೊರ ಎನ್ನಲು ಶುರು. ಹಾಗಾಗಿ ದಿನಾ ಸಂಜೆ ಆ ಬುಡಕ್ಕೆ ಒಂದು ಚೊಂಬು ನೀರು ಹೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತೆಂಗಿನ ಮರದ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ರೇಡಿಯೊಗೆ ನೀರು ಹಾಕಿದೆಯಾ ಎಂದೇ ಅಪ್ಪ ಕೇಳುತ್ತಿದ್ದ. ಒಂದು ದಿನ ತಪ್ಪಿಸಿದರೂ ವಾರ್ತೆ ಶುರುವಾದ ಕೂಡಲೇ ಸಿಕ್ಕಿ ಬೀಳುತ್ತಿದ್ದೆ. ರೇಡಿಯೊ ನೀರು ಕುಡಿಯುತ್ತದೆ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಶಾಲೆಯಲ್ಲಿ ನೀರು ಕುಡಿಯುವ ಪ್ರಾಣಿಗಳ ಹೆಸರು ಹೇಳು ಎಂದಾಗ ಆಕಳು, ಎಮ್ಮೆ, ರೇಡಿಯೊ ಎಂದು ಹೇಳಿ ಪೆಟ್ಟು ತಿಂದದ್ದೂ ಉಂಟು.

ಇಷ್ಟೆಲ್ಲ ಸಂಸ್ಕಾರ ಪಡೆದವನು ದೊಡ್ಡವನಾದ ಮೇಲೆ ತನ್ನ ಕೈಯಾರೆ ಒಂದು ಅರ್ತ್ ಪಿನ್ನು ಕಿತ್ತು ಎಸೆದ. ಅದೂ ಗಿಟಾರಿಗಾಗಿ.

ನಾನು ಗಿಟಾರು ಬಾರಿಸುತ್ತಿದ್ದೆ ಎಂದರೆ ಈಗ ನಮ್ಮ ಮನೆಯ ಮಕ್ಕಳೇ ನಂಬುವುದಿಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊನ್ನಾವರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹಡಗಿನ ಕೆಲಸದಲ್ಲಿದ್ದ ಕಾಸರಕೋಡಿನ ಪರಿಚಯದವರೊಬ್ಬರು ಕೆಲಸ ಬಿಟ್ಟು ಊರಿಗೆ ಬಂದಾಗ ತಮ್ಮ ಎಲೆಕ್ಟ್ರಿಕ್ ಗಿಟಾರು, ಅದರ ಮರದ ಪೆಟ್ಟಿಗೆ, ಒಂದು ಹಳೆಯ ಆಂಪ್ಲಿಫಾಯರು ಮೂರನ್ನೂ ನನಗೆ ಮಾರಿದರು. ಹೇಳಿಕೊಟ್ಟ ಗುರುಗಳು ಯಾರೂ ಇಲ್ಲ. ಕ್ಯಾಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ಕಲಿತದ್ದು. ಕ್ಯಾಸೆಟ್ಟು ಎಲ್ಲೆಲ್ಲಿ ಎಳೆದುಕೊಂಡಿತ್ತೋ ಅಲ್ಲೆಲ್ಲ ನನ್ನ ಬಾರಿಸುವಿಕೆಯೂ ಎಳೆದುಕೊಂಡೇ ಬಂತು. ಆದರೂ ಕುಮಟೆಯ ನಾಗೇಶಣ್ಣ ತನ್ನ ಆರ್ಕೆಸ್ಟ್ರಾದಲ್ಲಿ ನನಗೆ ಜಾಗ ಕೊಟ್ಟ. ಗಿಟಾರು ಇದೆ ಎಂದರೆ ಹೆಸರಿನ ಬೋರ್ಡಿಗೆ ಒಂದು ತೂಕ ಬರುತ್ತದೆ ಎನ್ನುವುದು ಅವನ ಲೆಕ್ಕಾಚಾರ. ಅವನು ಕೀಬೋರ್ಡು ನುಡಿಸುತ್ತಿದ್ದ, ಗಂಡುದನಿಯ ಹಾಡುಗಳನ್ನೂ ಅವನೇ ಹಾಡುತ್ತಿದ್ದ. ಡ್ರಮ್ಮಿಗೆ ಒಬ್ಬ, ತಬಲಕ್ಕೆ ಒಬ್ಬ. ಹೆಣ್ಣುದನಿಗೆ ಶಾಲಿನಿ ಟೀಚರ್.

ಶಾಲಿನಿ ಟೀಚರ್ ಕರ್ಕಿಯವರು. ಹತ್ತಿರದ ಒಂದು ಶಾಲೆಯಲ್ಲಿ ಆರು, ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದರು. ಮಾತು ಕಡಿಮೆ. ಬಸ್ಸಿನಲ್ಲಿ ನಾವೆಲ್ಲ ಗಲಾಟೆ ಮಾಡುತ್ತ ಹೋಗುವಾಗ ಅವರು ಕಿಟಕಿಯ ಬದಿಗೆ ಕೂತು ಮಕ್ಕಳ ಪಟ್ಟಿ ಪುಸ್ತಕ ತಿದ್ದುತ್ತಿದ್ದರು. ವೇದಿಕೆ ಹತ್ತಿ ಬಾಯಿ ತೆರೆದರೆ ಮಾತ್ರ ಬೇರೆಯೇ ಹೆಂಗಸು. ಹೊನ್ನಾವರದಿಂದ ಭಟ್ಕಳದವರೆಗೆ ನಮ್ಮನ್ನು ಕರೆಯುತ್ತಿದ್ದುದು ಅವರ ದನಿಗಾಗಿ. ನಾಗೇಶಣ್ಣನಿಗೆ ಅದು ತನ್ನ ಕೀಬೋರ್ಡಿಗಾಗಿ ಎನಿಸುತ್ತಿತ್ತು. ನನಗೆ, ಹೇಳಲು ನಾಚಿಕೆಯಾಗುತ್ತದೆ, ಗಿಟಾರಿಗಾಗಿ ಎನಿಸುತ್ತಿತ್ತು.

ಗಿಟಾರಿಗೆ ಒಂದು ರೋಗವಿತ್ತು. ಮನೆಯಲ್ಲಿ ಆಂಪ್ಲಿಫಾಯರಿಗೆ ಸಿಕ್ಕಿಸಿ ಬಾರಿಸಿದರೆ ತೊಂದರೆಯಿಲ್ಲ. ವೇದಿಕೆಯಲ್ಲಿ ಆಂಪ್ಲಿಫಾಯರಿನಿಂದ ಒಂದು ವಾಯರು ಎಳೆದು ಮೈಕಿನವರ ಮಿಕ್ಸರಿಗೆ ಕೊಟ್ಟ ಕೂಡಲೇ ದೊಡ್ಡ ಸ್ಪೀಕರಿನಲ್ಲಿ ‘ಗುಂಯ್’ ಎಂದು ಶುರುವಾಗುತ್ತಿತ್ತು. ನಾನು ತಂತಿ ಮುಟ್ಟಲಿ ಬಿಡಲಿ, ಅದು ತನ್ನಷ್ಟಕ್ಕೆ ಒಂದೇ ಶ್ರುತಿಯಲ್ಲಿ ಗುಂಯ್ಗುಡುತ್ತಿತ್ತು. ಭಟ್ಕಳದ ತೆಂಗಿನಗುಂಡಿಯಲ್ಲಿ ಗಣೇಶ ಚೌತಿಯ ಕಾರ್ಯಕ್ರಮ. ಹಾಡುಗಳ ನಡುವೆ ಹಿಂದಿನ ಸಾಲಿನವರು ಎದ್ದೆದ್ದು ಸಮುದ್ರದ ಕಡೆ ನೋಡುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಮೀನುಗಾರರ ಹಿರಿಯರೊಬ್ಬರು ಬಂದು ನನ್ನ ಕೈ ಹಿಡಿದುಕೊಂಡರು.

“ನಿಮ್ಮ ಪದ ಎಲ್ಲ ಚಲೋ ಆತು. ಆ ಬೋಟು ಯಾರದ್ದು?” ಎಂದು ಕೇಳಿದರು.

ಅವರು ಗೇಲಿ ಮಾಡಿದ್ದಲ್ಲ, ನಿಜವಾಗಿ ಕೇಳಿದ್ದು. ನಾಗೇಶಣ್ಣ ವಾಪಸ್ ಬರುವಾಗ ಭಟ್ಕಳದಿಂದ ಹೊನ್ನಾವರದ ತನಕ ಅದನ್ನೇ ಹೇಳಿ ನಕ್ಕ. ಹೊನ್ನಾವರ ಬಂದಾಗ ನಗು ನಿಲ್ಲಿಸಿ, ಬರುವ ಕಾರ್ಯಕ್ರಮದೊಳಗೆ ಆ ಗುಂಯ್ ಹೋಗದಿದ್ದರೆ ಗಿಟಾರಿನ ಕೆಲಸವನ್ನು ಕೀಬೋರ್ಡಿನಲ್ಲೇ ಮಾಡುತ್ತೇನೆ ಎಂದ. ಅವನ ಹೊಸ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಗಿಟಾರಿನ ಸದ್ದು ಬರುತ್ತಿತ್ತು. ನನ್ನದಕ್ಕಿಂತ ಚೆನ್ನಾಗಿಯೇ ಬರುತ್ತಿತ್ತು. ನನಗೆ ಹೆದರಿಕೆಯಾಯಿತು.

ಗುಂಯ್ ಹೋಗುವ ಉಪಾಯ ಹೇಳಿದವನು ಮೈಕಿನವನೊಬ್ಬ. ಆಂಪ್ಲಿಫಾಯರಿನ ಪ್ಲಗ್ಗಿನಿಂದ ಅರ್ತ್ ಪಿನ್ನು ಕಿತ್ತುಬಿಡಿ, ಎಲ್ಲರೂ ಅದನ್ನೇ ಮಾಡುವುದು ಎಂದ. ನಮ್ಮಲ್ಲಿ ಪಿನ್ನು ಕೀಳುವುದು ದೊಡ್ಡ ಸಂಗತಿಯೇನೂ ಆಗಿರಲಿಲ್ಲ. ಹಳೆಯ ಮನೆಗಳಲ್ಲಿ ಎರಡೇ ತೂತಿನ ಸಾಕೆಟ್ಟು. ಹೊಸ ಮಿಕ್ಸಿ ತಂದವರು ಮೊದಲು ಕುಂಕುಮ ಹಚ್ಚಿ, ಆಮೇಲೆ ಇಕ್ಕಳ ಹಿಡಿದು ಮೂರನೆಯ ಪಿನ್ನು ಕೀಳುತ್ತಿದ್ದರು. ನಾನೂ ಇಕ್ಕಳ ಹಿಡಿದೆ. ಮುಂದಿನ ಕಾರ್ಯಕ್ರಮದಲ್ಲಿ ವಾಯರು ಸಿಕ್ಕಿಸಿ ಉಸಿರು ಬಿಗಿಹಿಡಿದು ಕೇಳಿದೆ. ಗುಂಯ್ ಇಲ್ಲ. ನಾಗೇಶಣ್ಣ ಹೆಬ್ಬೆರಳು ಎತ್ತಿ ತೋರಿಸಿದ. ಎಂತ ಮಾಡಿದೆ ಎಂದು ಕೇಳಿದವರಿಗೆಲ್ಲ ನಾನು ಸ್ವಲ್ಪ ರಿಪೇರಿ ಎಂದು ಹೇಳಿ, ದೊಡ್ಡ ಎಂಜಿನಿಯರನ ಹಾಗೆ ಮುಖ ಮಾಡಿಕೊಂಡೆ.

ಇಲ್ಲಿ ನಮ್ಮ ಕರಾವಳಿಯ ಒಂದು ಪದ್ಧತಿ ಹೇಳಬೇಕು. ಯಕ್ಷಗಾನದ ಆಟ ನೋಡುತ್ತ ಬೆಳೆದ ಊರುಗಳು ಇವು. ರಂಗಸ್ಥಳಕ್ಕೆ ಚಪ್ಪಲಿ ಹಾಕಿ ಹತ್ತುವುದೆಂದರೆ ಗರ್ಭಗುಡಿಗೆ ಚಪ್ಪಲಿ ಹಾಕಿ ಹೋದಂತೆ. ಸಿನಿಮಾ ಹಾಡು ಹಾಡುವ ನಾವೂ ವೇದಿಕೆಯ ಮೂಲೆಯಲ್ಲಿ ಗಣಪತಿಯ ಫೋಟೊ ಇಟ್ಟು, ಕಾಯಿ ಒಡೆದು, ಬರಿಗಾಲಲ್ಲೇ ಹತ್ತುತ್ತಿದ್ದೆವು. ಆದರೆ ಹತ್ತಿದ ಮೇಲೆ ನಾಗೇಶಣ್ಣ ನಿಲ್ಲುತ್ತಿದ್ದುದು ದಪ್ಪ ಜಮಖಾನೆಯ ಮೇಲೆ, ಅವನ ಮೈಕು ಸ್ಟ್ಯಾಂಡಿನಲ್ಲಿ. ಡ್ರಮ್ಮಿನವನ ಕೈಯಲ್ಲಿ ಮರದ ಕೋಲು. ತಬಲದವನು ಚಾಪೆಯ ಮೇಲೆ. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎರಡೂ ಕಾಲನ್ನು ಗಿಟಾರಿನ ಮರದ ಪೆಟ್ಟಿಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಸಿಮೆಂಟಿನ ಮೇಲೋ ಸಗಣಿ ಸಾರಿಸಿದ ನೆಲದ ಮೇಲೋ ಬರಿಗಾಲಲ್ಲಿ ನಿಂತು, ಮೈಕನ್ನು ಕೈಯಲ್ಲಿ ಹಿಡಿದು ತುಟಿಗೆ ತಾಗಿಸಿ ಹಾಡುತ್ತಿದ್ದವರು ಶಾಲಿನಿ ಟೀಚರ್ ಒಬ್ಬರೇ.

ಮೈಕು ಜುಮ್ ಎನ್ನುತ್ತದೆ ಎಂದು ಅವರು ಮೊದಲ ಸಲ ಹೇಳಿದಾಗ ನಾವು ನಾಲ್ಕೂ ಗಂಡಸರು ಅವರಿಗೆ ಕರೆಂಟಿನ ಬಗ್ಗೆ ಪಾಠ ಮಾಡಿದೆವು. ಸಮುದ್ರದ ಗಾಳಿಯಲ್ಲಿ ಉಪ್ಪಿರುತ್ತದೆ, ಉಪ್ಪಿನಲ್ಲಿ ಕರೆಂಟು ಹರಿಯುತ್ತದೆ ಎಂದು ನಾಗೇಶಣ್ಣ. ಹೆಂಗಸರಿಗೆ ಹೆದರಿಕೆ ಜಾಸ್ತಿ, ಅದೇ ಜುಮ್ ಎನಿಸುವುದು ಎಂದು ಡ್ರಮ್ಮಿನವನು. ಅಂಗೈ ಬೆವರುತ್ತಿರಬೇಕು ಎಂದು ನಾನು. ಅವರು ಎಲ್ಲಕ್ಕೂ ತಲೆಯಾಡಿಸಿದರು. ವಾರವಿಡೀ ಏಳನೆಯ ತರಗತಿಯ ಮಕ್ಕಳಿಗೆ ಬ್ಯಾಟರಿ, ಬಲ್ಬು, ತಂತಿ ಹಿಡಿದು ಇದನ್ನೇ ಕಲಿಸುವ ಹೆಂಗಸಿಗೆ ನಾವು ಹೇಳಿಕೊಡುತ್ತಿದ್ದೇವೆ ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಆಮೇಲೆ ಅವರು ಮೈಕಿಗೆ ಕರವಸ್ತ್ರ ಸುತ್ತಿ ಹಿಡಿಯತೊಡಗಿದರು. ಅದರ ಮುಂದಿನ ವಾರ ಕರವಸ್ತ್ರ ಬಿಟ್ಟು ಮನೆಯಿಂದ ಒಂದು ಮಣೆ ತಂದರು. ಊಟಕ್ಕೆ ಕೂರುವ, ಹಲಸಿನ ಮರದ ಸಾದಾ ಮಣೆ. ಅದನ್ನು ಮೈಕಿನ ಎದುರು ಇಟ್ಟು, ಅದರ ಮೇಲೆ ನಿಂತು ಹಾಡಿದರು. ಜನ ತಮಗೆ ತೋಚಿದ ಅರ್ಥ ಕಟ್ಟಿದರು. ಹರಕೆಯಿರಬೇಕು ಎಂದು ಕೆಲವರು. ಎತ್ತರ ಸಾಲದು ಎಂದು ಕೆಲವರು. ಹೊನ್ನಾವರದಲ್ಲಿ ಇನ್ನೊಂದು ಆರ್ಕೆಸ್ಟ್ರಾದ ಹುಡುಗಿಯೂ ಮಣೆ ತರಲು ಶುರು ಮಾಡಿದಳಂತೆ, ಅದರ ಮೇಲೆ ನಿಂತರೆ ಸ್ವರ ಏರುತ್ತದೆ ಎಂದು. ನಾನೂ ನಕ್ಕಿದ್ದೆ. ಆದರೆ ನನಗೆ ಒಳಗೊಳಗೆ ಗೊತ್ತಿತ್ತು. ಪಿನ್ನು ಕಿತ್ತದ್ದಕ್ಕೂ ಮೈಕು ಜುಮ್ ಎಂದದ್ದಕ್ಕೂ ಒಂದೇ ವಾರದ ಅಂತರ. ಅಷ್ಟು ತಿಳಿಯಲು ಎಂಜಿನಿಯರನಾಗಬೇಕಿರಲಿಲ್ಲ, ರೇಡಿಯೊಗೆ ನೀರು ಹಾಕಿದವನಾದರೆ ಸಾಕಿತ್ತು. ಪಿನ್ನು ವಾಪಸ್ ಹಾಕಿದರೆ ಗುಂಯ್ ಬರುತ್ತದೆ. ಗುಂಯ್ ಬಂದರೆ ನನ್ನ ಜಾಗ ಹೋಗುತ್ತದೆ. ಜುಮ್ ಎಂದರೆ ಎಷ್ಟು ಮಹಾ ಎಂದು ನನಗೆ ನಾನೇ ಹೇಳಿಕೊಂಡು ಒಂದು ಚಳಿಗಾಲ ಕಳೆದೆ.

ಭಟ್ಕಳದ ಮುಟ್ಟಳ್ಳಿಯಲ್ಲಿ ಒಂದು ಯುವಕ ಸಂಘದ ವಾರ್ಷಿಕೋತ್ಸವ. ಗದ್ದೆ ಕೊಯ್ಲಾದ ಮೇಲೆ ಅಲ್ಲೇ ಮಣ್ಣು ಏರಿಸಿ ವೇದಿಕೆ ಮಾಡಿದ್ದರು. ಧೂಳು ಏಳದಿರಲಿ ಎಂದು ಸಂಜೆ ಕೊಡಗಟ್ಟಲೆ ನೀರು ಹೊಯ್ದಿದ್ದರು. ಸಂಘದವರೊಬ್ಬರಿಗೆ ಅತಿಥಿಗಳ ಫಲತಾಂಬೂಲದ ತಟ್ಟೆ ಇಡಲು ಏನಾದರೂ ಬೇಕಾಗಿ, ಟೀಚರರ ಮಣೆಯನ್ನೇ ಒಯ್ದರು. ಅತಿಥಿಗಳ ಭಾಷಣ ಮುಗಿದರೂ ಅದು ವಾಪಸ್ ಬರಲಿಲ್ಲ. ಟೀಚರ್ ಒಂದೆರಡು ಸಲ ಆಚೀಚೆ ನೋಡಿದರು. ನಾಗೇಶಣ್ಣ ಹಾಡು ಎತ್ತಿಯೇ ಬಿಟ್ಟಿದ್ದ. ಅವರು ಆ ಹಸಿ ನೆಲದ ಮೇಲೆ ನಿಂತು ಮೈಕು ತೆಗೆದುಕೊಂಡರು.

ಎರಡನೆಯ ಚರಣದಲ್ಲಿ ದನಿ ನಿಂತಿತು. ಕೂಗಲೂ ಇಲ್ಲ. ನೋಡಿದರೆ ಅವರ ಬಾಯಿ ತೆರೆದೇ ಇದೆ, ಬೆರಳುಗಳು ಮೈಕನ್ನು ಬಿಗಿಯಾಗಿ ಹಿಡಿದಿವೆ, ಬಿಡಲು ಆಗುತ್ತಿಲ್ಲ. ಡ್ರಮ್ಮಿನವನು ಹಾರಿ ಬಂದು ಕೋಲಿನಿಂದ ಮೈಕಿಗೆ ಹೊಡೆದ. ಮೈಕು ಒಂದು ಕಡೆ ಬಿತ್ತು, ಟೀಚರ್ ಇನ್ನೊಂದು ಕಡೆ. ನಾನು ಪೆಟ್ಟಿಗೆಯ ಮೇಲೆ ಕಾಲಿಟ್ಟುಕೊಂಡು ಕೂತೇ ಇದ್ದೆ. ಅವರಿಗೆ ನೀರು ಕೊಟ್ಟು ಕೂರಿಸಿದರು. ಅಂಗೈ ಕೆಂಪಾಗಿತ್ತು, ತುಟಿ ನಡುಗುತ್ತಿತ್ತು. ಎಂತ ಇಲ್ಲ, ಎಂತ ಇಲ್ಲ ಎಂದು ಅವರೇ ಎಲ್ಲರಿಗೂ ಸಮಾಧಾನ ಹೇಳಿದರು. ತಾಂತ್ರಿಕ ತೊಂದರೆ ಎಂದು ನಾಗೇಶಣ್ಣ ಘೋಷಿಸಿ, ಉಳಿದ ಹಾಡುಗಳನ್ನು ಒಬ್ಬನೇ ಹಾಡಿದ.

ಮರುದಿನ ಟೀಚರ್, ಹದಿನೈದು ದಿನದ ಮೇಲಿದ್ದ ಕುಮಟೆಯ ಕಾರ್ಯಕ್ರಮಕ್ಕೆ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ನಾಗೇಶಣ್ಣ ನನ್ನ ಕಚೇರಿಗೆ ಬಂದ. ಅಂಕೋಲೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ದನಿ ಇಷ್ಟಿಲ್ಲ, ಆದರೆ ಗಟ್ಟಿ ಮನಸ್ಸಿನವಳು, ಕಾಯಂ ಮಾಡೋಣವಾ ಎಂದು ಕೇಳಿದ. ಮಾತಾಡಿ, ಚಾ ಕುಡಿದು, ಹೋದ.

ಆ ಸಂಜೆ ಕಚೇರಿ ಬಿಟ್ಟವನು ಮನೆಯಲ್ಲಿ ಕೂರಲಿಲ್ಲ. ಆಂಪ್ಲಿಫಾಯರನ್ನು ರಿಕ್ಷಾಕ್ಕೆ ಹಾಕಿಕೊಂಡು ಸುಬ್ರಾಯನ ಅಂಗಡಿಗೆ ಹೋದೆ. ಸುಬ್ರಾಯ ನನ್ನ ಜೊತೆ ಶಾಲೆಗೆ ಬಂದವನು, ಹೊನ್ನಾವರದ ಪೇಟೆಯಲ್ಲಿ ರೇಡಿಯೊ, ಟೀವಿ ರಿಪೇರಿ ಅಂಗಡಿ ಇಟ್ಟಿದ್ದ. ಬಾಯಲ್ಲಿ ಸದಾ ಕವಳ. ಎಲೆ, ಅಡಿಕೆ, ಸುಣ್ಣ, ತಂಬಾಕು ಎಲ್ಲ ತುಂಬಿದ ಅಲ್ಯೂಮಿನಿಯಂ ಡಬ್ಬಿ ಮೇಜಿನ ಮೇಲೆ. ಕವಳ ಹಾಕಿದಾಗ ಮಾತಾಡುವುದು ಕಷ್ಟವಾದ್ದರಿಂದ ಊರಿನಲ್ಲಿ ಅವನಿಗೆ ಗಂಭೀರ ಮನುಷ್ಯ ಎಂಬ ಹೆಸರು. ಅವನು ಆಂಪ್ಲಿಫಾಯರು ಬಿಚ್ಚುವ ಮೊದಲು ಪ್ಲಗ್ಗು ನೋಡಿದ. ಹೊರಗೆ ಹೋಗಿ ಕವಳ ಉಗಿದು ಬಂದ.

“ಪಿನ್ನು ಯಾರು ಕಿತ್ತದ್ದು?”

ನಾನೇ ಎಂದೆ. ಗುಂಯ್ ಎನ್ನುತ್ತಿತ್ತು, ಕಿತ್ತ ಮೇಲೆ ಹೋಯಿತು ಎಂದೆ.

“ಹೋಯ್ತು, ಸರಿ. ಎಲ್ಲಿಗೆ ಹೋಯ್ತು ಅಂತ ನೋಡಿದ್ಯಾ ಮಾರಾಯ?”

ಮೀಟರು ಹಿಡಿದು ತೋರಿಸಿದ. ಹಳೆಯ ಆಂಪ್ಲಿಫಾಯರಿನ ಮೈಗೆ ಕರೆಂಟು ಸೋರುತ್ತಿತ್ತು. ಪಿನ್ನು ಇದ್ದಿದ್ದರೆ ನೆಲಕ್ಕೆ ಇಳಿಯುತ್ತಿತ್ತು. ಪಿನ್ನಿಲ್ಲದ್ದಕ್ಕೆ ಆಂಪ್ಲಿಫಾಯರಿನ ವಾಯರು ಹಿಡಿದು ಮಿಕ್ಸರಿಗೆ, ಅಲ್ಲಿಯ ಅರ್ತ್ ಒಣಗಿ ಕೆಲಸ ಮಾಡದಿದ್ದಾಗ ಮೈಕಿಗೆ, ಮೈಕಿನಿಂದ ಟೀಚರರ ಕೈಗೆ, ಬರಿಗಾಲಿನಿಂದ ನೆಲಕ್ಕೆ. ಅರ್ತ್ ಪಿನ್ನಿನ ಕೆಲಸವನ್ನು ಮೂರು ತಿಂಗಳು ಆ ಹೆಂಗಸು ಮಾಡಿದ್ದರು. ಸುಬ್ರಾಯ ಅದನ್ನು ಹೀಗೆ ಹೇಳಲಿಲ್ಲ, ಬೆರಳಿನಲ್ಲಿ ದಾರಿ ತೋರಿಸಿದ ಅಷ್ಟೆ. ನನಗೆ ನನ್ನ ಮೇಲೆ ಅಷ್ಟು ಹೇಸಿಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಸೋರಿಕೆಯನ್ನು ಅವನು ಅರ್ಧ ಗಂಟೆಯಲ್ಲಿ ಸರಿ ಮಾಡಿದ, ಹೊಸ ಪ್ಲಗ್ಗು ಹಾಕಿದ. ಉಳಿದದ್ದು ಗುಂಯ್. ಅವನ ಪ್ರಕಾರ ತಪ್ಪು ಗಿಟಾರಿನದಲ್ಲ. ಆಂಪ್ಲಿಫಾಯರು ಒಂದು ಸ್ವಿಚ್ಚುಬೋರ್ಡಿನಿಂದ ಕರೆಂಟು ತೆಗೆದುಕೊಳ್ಳುತ್ತದೆ, ಮಿಕ್ಸರು ಇನ್ನೊಂದರಿಂದ. ಎರಡಕ್ಕೂ ಬೇರೆ ಬೇರೆ ಅರ್ತ್. ನಡುವಿನ ವಾಯರು ಆ ಎರಡೂ ಅರ್ತುಗಳನ್ನು ಜೋಡಿಸಿ ಒಂದು ಸುತ್ತು ಕಟ್ಟುತ್ತದೆ. ಆ ಸುತ್ತಿನಲ್ಲಿ ಕರೆಂಟು ತಿರುಗುವುದೇ ಗುಂಯ್. ಹಾಡು ದಾಟಬೇಕು, ಅರ್ತ್ ದಾಟಬಾರದು, ಹೊಳೆ ದಾಟಿಸುವ ದೋಣಿಯ ಹಾಗೆ ಅಂಥದ್ದೊಂದು ಕಡವು ನಡುವೆ ಬೇಕು ಎಂದ.

ಆ ಕಡವು ಅವನ ಅಂಗಡಿಯ ಗುಜರಿಯಲ್ಲೇ ಇತ್ತು. ಆಗಷ್ಟೇ ನಮ್ಮ ಪೇಟೆಗಳಲ್ಲಿ ಕಂಪ್ಯೂಟರು, ಇಂಟರ್‌ನೆಟ್ಟು ಎಂದು ಶುರುವಾಗಿತ್ತು. ಫೋನಿನ ತಂತಿಯನ್ನು ಕಂಪ್ಯೂಟರಿಗೆ ಜೋಡಿಸುವ ಮೋಡೆಮ್ಮು ಮೊದಲ ಮಳೆಯ ಸಿಡಿಲಿಗೆ ಸುಟ್ಟು ಹೋಗುತ್ತಿತ್ತು. ಸುಟ್ಟದ್ದೆಲ್ಲ ಸುಬ್ರಾಯನ ರಟ್ಟಿನ ಪೆಟ್ಟಿಗೆಗೆ. ಪ್ರತಿ ಮೋಡೆಮ್ಮಿನಲ್ಲೂ ಬೆಲ್ಲದ ಚೂರಿನಷ್ಟು ಒಂದು ಟ್ರಾನ್ಸ್‌ಫಾರ್ಮರು. ಅದರೊಳಗೆ ಎರಡು ತಂತಿಸುರುಳಿ, ಒಂದಕ್ಕೊಂದು ತಾಗದೆ ಪಕ್ಕಪಕ್ಕ. ಈ ಸುರುಳಿಯ ಸದ್ದು ಆ ಸುರುಳಿಗೆ ಕೇಳಿಸುತ್ತದೆ, ತಂತಿಯ ಸಂಬಂಧ ಮಾತ್ರ ಇಲ್ಲ. ಒಂದೇ ಮನೆಯಲ್ಲಿ ಪಾಲಾಗಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ನಾಲ್ಕು ಮೋಡೆಮ್ಮಿನಿಂದ ಕಿತ್ತು ಮೀಟರು ಹಿಡಿದೆವು. ಮೂರು ಸಿಡಿಲಿಗೆ ಆಹುತಿ, ಒಂದು ಗಟ್ಟಿ.

ಅದನ್ನು ಇಡಲು ಲೋಹದ ಡಬ್ಬಿ ಬೇಕೆಂದ. ನಾನು ಪೇಟೆಗೆ ಹೊರಟೆ. ಅವನು ಕರೆದು, ಸ್ವಲ್ಪ ಹೊತ್ತು ಯೋಚಿಸಿ, ತನ್ನ ಕವಳದ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಸುಬ್ರಾಯ ಆ ಡಬ್ಬಿಯನ್ನು ಹೆಂಡತಿಯ ಕೈಗೂ ಕೊಡದವನು. ಎರಡು ಸಲ ಸಾಬೂನು ಹಾಕಿ ತೊಳೆದರೂ ತಂಬಾಕಿನ ಘಾಟು ಹೋಗಲಿಲ್ಲ. ಎರಡು ಬದಿಗೆ ತೂತು ಕೊರೆದು, ವಾಯರು ಚುಚ್ಚುವ ಸಾಕೆಟ್ಟು ಕೂರಿಸಿ, ನಡುವೆ ಟ್ರಾನ್ಸ್‌ಫಾರ್ಮರು ಇಟ್ಟು ಬೆಸುಗೆ ಹಾಕಿದ. ನಾನು ಬೆಸುಗೆಯ ತಂತಿ ಹಿಡಿದುಕೊಂಡು, ಇದೂ ಒಂದು ಪ್ರಾಯಶ್ಚಿತ್ತ ಎಂಬ ಹಾಗೆ ನಿಂತಿದ್ದೆ. ಅಂಗಡಿಯ ಹಳೆಯ ಮಿಕ್ಸರಿಗೆ ಜೋಡಿಸಿ ಸ್ವಿಚ್ಚು ಹಾಕಿದೆವು.

ಗುಂಯ್.

ಮೊದಲಿನಷ್ಟೇ ಗಟ್ಟಿಯಾಗಿ. ಸುಬ್ರಾಯ ಮತ್ತೆ ಮತ್ತೆ ಬೆಸುಗೆ ನೋಡಿದ. ಎಲ್ಲ ಸರಿ ಇದೆ. ಕವಳದ ಡಬ್ಬಿಯೂ ಹೋಗಿ ಕವಳವೂ ಇಲ್ಲದೆ ಅವನ ಮುಖ ನೋಡುವ ಹಾಗಿರಲಿಲ್ಲ. ಮರುದಿನ ಮಧ್ಯಾಹ್ನ ಅವನಿಗೆ ಗೊತ್ತಾಯಿತು. ಒಳಗೆ ಸುರುಳಿಗಳನ್ನು ಬೇರೆ ಮಾಡಿದ್ದೆವು, ಆದರೆ ಎರಡೂ ಸಾಕೆಟ್ಟಿನ ಮೈ ಡಬ್ಬಿಯ ಲೋಹಕ್ಕೆ ತಾಗಿತ್ತು. ಒಳಗೆ ಬಿಡಿಸಿದ ಸಂಬಂಧವನ್ನು ಡಬ್ಬಿ ಹೊರಗಿನಿಂದ ಕೂಡಿಸಿತ್ತು. ಒಂದು ಸಾಕೆಟ್ಟು ಬಿಚ್ಚಿ, ತೂತು ಸ್ವಲ್ಪ ದೊಡ್ಡದು ಮಾಡಿ, ಸೈಕಲ್ ಟ್ಯೂಬಿನಿಂದ ಎರಡು ಬಿಲ್ಲೆ ಕತ್ತರಿಸಿ ಆಚೀಚೆ ಇಟ್ಟು ಬಿಗಿದ. ಸ್ವಿಚ್ಚು ಹಾಕಿದೆವು. ಸ್ಪೀಕರಿನಲ್ಲಿ ಏನೂ ಇಲ್ಲ. ನಾನು ಒಂದು ತಂತಿ ಮೀಟಿದೆ, ಅದೊಂದೇ ಕೇಳಿತು. ಹೊರಗೆ ಬಸ್ಸು ಹೋದದ್ದು, ಪಕ್ಕದ ಅಂಗಡಿಯವರು ಮೀನಿನ ಮಾತಾಡಿದ್ದು ಎಲ್ಲ ಕೇಳಿತು. ಅಷ್ಟು ಸಣ್ಣ ಕೆಲಸ. ಟ್ರಾನ್ಸ್‌ಫಾರ್ಮರು, ಡಬ್ಬಿ, ಟ್ಯೂಬಿನ ತುಂಡು. ಮೂರು ತಿಂಗಳ ಹಿಂದೆ ಇಲ್ಲಿಗೆ ಬಂದಿದ್ದರೆ ಸಾಕಿತ್ತು.

ಕರ್ಕಿಗೆ ಹೋಗಿ, ಎಂತದೋ ತೊಂದರೆ ಇತ್ತು, ಸರಿಯಾಗಿದೆ, ಕುಮಟೆಗೆ ಬನ್ನಿ ಎಂದು ಟೀಚರಿಗೆ ಹೇಳಿದೆ. ಅದಕ್ಕಿಂತ ಹೆಚ್ಚು ಬಾಯಿಂದ ಹೊರಡಲಿಲ್ಲ. ನೋಡುವಾ ಎಂದರು. ಅವರ ಅಂಗೈ ನೋಡಬಾರದೆಂದು ನಾನು ಅಂಗಳದ ದಾಸವಾಳವನ್ನೇ ನೋಡುತ್ತ ಮಾತಾಡಿದೆ.

ಕುಮಟೆಯ ಸಭಾಭವನಕ್ಕೆ ಸುಬ್ರಾಯನೂ ಬಂದ. ಮಧ್ಯಾಹ್ನ ಯಾರೂ ಇಲ್ಲದಾಗ ಬಲ್ಬು ಹಿಡಿದು ಬೋರ್ಡಿನ ಅರ್ತ್ ಪರೀಕ್ಷಿಸಿದ. ಮಂಕಾಗಿ ಉರಿಯಿತು, ಅರ್ತಿನ ನೆಲ ಒಣಗಿದೆ ಎಂದ. ಹಿತ್ತಲಿನ ಅರ್ತಿನ ಗುಂಡಿಗೆ ನಾನು ಎರಡು ಕೊಡ ಉಪ್ಪುನೀರು ಹೊತ್ತು ಹಾಕಿದ ಮೇಲೆ ಪ್ರಕಾಶ ಬಂತು. ಡಬ್ಬಿ ಜೋಡಿಸಿ ಆಯಿತು. ಆಮೇಲೆ ಅವನು ಒಂದು ಬಾಲ್ದಿ ನೀರು ತಂದು ವೇದಿಕೆಯ ಮೇಲೆ, ಮೈಕಿನ ಎದುರಿಗೆ, ಪೂರ್ತಿ ಚೆಲ್ಲಿದ. ಗಿಟಾರು ಹಾಕಿಕೊಂಡು ಅದರಲ್ಲಿ ನಿಲ್ಲು, ಮೈಕು ತುಟಿಗೆ ತಾಗಿಸು ಎಂದ. ಮೀಟರು ಇದೆಯಲ್ಲ, ಅದರಲ್ಲಿ ನೋಡಿದರೆ ಆಗದೆ ಎಂದೆ. ಮೀಟರಿನಲ್ಲಿ ನಾನು ನೋಡಿ ಆಗಿದೆ, ಈಗ ನೀನು ನೋಡು ಎಂದ.

ವೇದಿಕೆಯ ಮೇಲೆ ನಾನು ಬರಿಗಾಲನ್ನು ನೆಲಕ್ಕೆ ಇಟ್ಟದ್ದು ಅದೇ ಮೊದಲು. ನೀರು ತಣ್ಣಗಿತ್ತು. ಒಂದು ಕೈ ಗಿಟಾರಿನ ತಂತಿಯ ಮೇಲೆ, ಇನ್ನೊಂದು ಮೈಕಿನ ಹತ್ತಿರ ಹೋಗಿ ಹೋಗಿ ವಾಪಸ್ ಬರುತ್ತಿತ್ತು. ಸರಿಯಾಗಿದೆ ಎಂದು ಗೊತ್ತಿದ್ದೂ ಹಿಡಿಯಲು ಆಗಲಿಲ್ಲ. ಗೊತ್ತಿಲ್ಲದೆ, ಪ್ರತಿ ಶನಿವಾರ, ನಗುಮುಖ ಮಾಡಿಕೊಂಡು ಹೀಗೆ ನಿಲ್ಲುವುದೆಂದರೆ ಹೇಗಿದ್ದೀತು ಎಂದು ಆಗ ಅನಿಸಿತು. ಕಣ್ಣು ಮುಚ್ಚಿ ಹಿಡಿದೆ. ತಣ್ಣನೆಯ ಕಬ್ಬಿಣ, ಅಷ್ಟೆ. ಕಣ್ಣು ತೆರೆದಾಗ ಬಾಗಿಲಲ್ಲಿ ಶಾಲಿನಿ ಟೀಚರ್ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

ಸುಬ್ರಾಯ ಚಾ ಕುಡಿದು ಬರುತ್ತೇನೆ ಎಂದು ಹೊರಗೆ ಹೋದ. ಟೀಚರ್ ಚಪ್ಪಲಿ ಕಳಚಿ ಮೇಲೆ ಬಂದರು. ನಾನು ನೀರಿನಲ್ಲಿ ನಿಂತುಕೊಂಡೇ, ಆಂಪ್ಲಿಫಾಯರಿನ ಪಿನ್ನು ಕಿತ್ತದ್ದು ನಾನು ಎಂದು ಹೇಳಿದೆ.

“ಗೊತ್ತಿತ್ತು ವಸಂತಣ್ಣ,” ಎಂದರು. “ಎರಡನೇ ಕಾರ್ಯಕ್ರಮಕ್ಕೇ ನಿಮ್ಮ ಪ್ಲಗ್ಗು ನೋಡಿದ್ದೆ. ಅದ್ಕೇ ಮಣೆ ತಂದದ್ದು.”

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

“ಹೇಳಿದ್ರೆ ನೀವು ನಾಕು ಜನ ಕೂತ್ಕಂಡು ಗಿಟಾರು ನಿಲ್ಸೂದಾ, ಶಾಲಿನೀನ ನಿಲ್ಸೂದಾ ಅಂತ ಮಾತಾಡ್ತಿದ್ರಿ. ನಂಗೆ ಹಾಡೂಕೆ ಬೇರೆ ಜಾಗ ಇರ್ಲಿಲ್ಲ.” ಮೈಕನ್ನು ಕೈಗೆ ತೆಗೆದುಕೊಂಡು, ಒಮ್ಮೆ ತಿರುಗಿಸಿ ನೋಡಿದರು. “ಯಾರನ್ನ ನಿಲ್ಸ್ತಿದ್ರಿ, ನೀವೇ ಹೇಳಿ.”

ಅವರು ಉತ್ತರಕ್ಕೆ ಕಾಯಲಿಲ್ಲ. ಆ ನೀರಿನಲ್ಲೇ ನಿಂತು ಮೊದಲ ಹಾಡಿನ ಪಲ್ಲವಿ ಎತ್ತಿದರು, ದನಿ ಖಾಲಿ ಸಭಾಭವನದ ತುದಿಯವರೆಗೆ ಹೋಗಿ ಬಂತು. ನಾನು ಪಕ್ಕಕ್ಕೆ ಸರಿದು ನಿಂತೆ. ಉತ್ತರ ನನಗೆ ಗೊತ್ತಿತ್ತು. ಕಚೇರಿಯಲ್ಲಿ ನಾಗೇಶಣ್ಣ ಅಂಕೋಲೆಯ ಹುಡುಗಿಯನ್ನು ಕಾಯಂ ಮಾಡೋಣವಾ ಎಂದು ಕೇಳಿದಾಗ, ಚಾದ ಕಪ್ಪು ಕೆಳಗಿಡದೆಯೇ ನಾನು ‘ಆತು’ ಎಂದಿದ್ದೆ.